ಗಿರಿ ಹತ್ತುವ ಸೈಕಲ್ಲಿಗರಿಗೆ: ಕ್ರೀಮ್ ಮೊದಲೋ, ತುಂಬುತೋಳು ಮೊದಲೋ?

ಡಿಸೆಂಬರಿನ ಒಂದು ಭಾನುವಾರ. ಚಿಕ್ಕಮಗಳೂರಿನ ಕೈಮರದ ಚೆಕ್‌ಪೋಸ್ಟ್ ದಾಟುವಾಗ ಬೆಳಿಗ್ಗೆ ಎಂಟೂವರೆ. ಮಂಜು ಹೇಗಿತ್ತೆಂದರೆ ಮುಂದಿನವನ ಸೈಕಲ್ಲಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವತ್ತು ಬಿಸಿಲಿನ ಗೊಡವೆಯೇ ಇಲ್ಲ ಅಂದುಕೊಂಡು ಬ್ಯಾಗಿನಲ್ಲಿದ್ದ ಸನ್‌ಸ್ಕ್ರೀನ್ ಟ್ಯೂಬನ್ನು ಹೊರಗೇ ತೆಗೆಯಲಿಲ್ಲ. ಮುಳ್ಳಯ್ಯನಗಿರಿ ಆಯಿತು, ಅತ್ತಿಗುಂಡಿಯಲ್ಲಿ ಚಹಾ ಆಯಿತು, ಬಾಬಾಬುಡನ್‌ಗಿರಿ ಕಡೆಗೂ ಒಂದು ಸುತ್ತು ಆಯಿತು. ಸಂಜೆ ಮನೆಗೆ ಬಂದು ಗ್ಲೌಸ್ ಬಿಚ್ಚಿದರೆ ಎರಡೂ ಮಣಿಕಟ್ಟಿನ ಮೇಲೆ ಒಂದೊಂದು ಕಪ್ಪು ಅರ್ಧಚಂದ್ರ. ಗ್ಲೌಸಿನ ವೆಲ್ಕ್ರೊ ಪಟ್ಟಿಯ ಹತ್ತಿರ ಬಟ್ಟೆ ಇಲ್ಲದೆ ತೆರೆದಿರುತ್ತದಲ್ಲ, ಸರಿಯಾಗಿ ಅಷ್ಟೇ ಜಾಗ. ಕುತ್ತಿಗೆಯ ಹಿಂದೆ ಕಾಲರ್ ತಾಗಿದರೆ ಉರಿ. ಆ ಚಂದ್ರ ಮಾಸುವುದಕ್ಕೆ ಯುಗಾದಿ ಬರಬೇಕಾಯಿತು.

ಬಿಸಿಲು ಅನ್ನುವ ಪದದೊಳಗೇ ಬಿಸಿ ಕೂತಿದೆ, ನಾವು ಮೋಸ ಹೋಗುವುದೂ ಅಲ್ಲೇ. ಚರ್ಮಕ್ಕೆ ಗೊತ್ತಾಗುವುದು ಶಾಖ ಮಾತ್ರ. ಸುಡುವುದು, ಕಪ್ಪಾಗಿಸುವುದು ಅತಿನೇರಳೆ ಕಿರಣ, ಅಂದರೆ ಯುವಿ. ಅದು ಮೈಗೆ ತಾಗಿದ್ದು ಆ ಗಳಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಮೇಲೆ ಹೋದಂತೆ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಪ್ರತಿ 1,000 ಮೀಟರ್ ಎತ್ತರಕ್ಕೆ ತಾಪಮಾನ ಸುಮಾರು 6 ಡಿಗ್ರಿ ಇಳಿದರೆ, ಯುವಿ ಸುಮಾರು ಶೇ 10ರಷ್ಟು ಏರುತ್ತದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಂದರೆ ಮಂಗಳೂರಿನ ಕಡಲ ತೀರದಲ್ಲಿ 'ಅಬ್ಬಾ ಬಿಸಿಲೇ' ಅಂದು ನೆರಳಿಗೆ ಓಡುವವರು, ಅದಕ್ಕಿಂತ ಹತ್ತಿರ ಹತ್ತಿರ ಶೇ 20ರಷ್ಟು ಜಾಸ್ತಿ ಯುವಿಯಲ್ಲಿ ಇಲ್ಲಿ 'ಏನು ತಂಪು ಗಾಳಿ' ಅನ್ನುತ್ತಾ ಕೂತಿರುತ್ತಾರೆ. ಮಂಜನ್ನು ನಂಬುವಂತೆಯೂ ಇಲ್ಲ. ತೆಳು ಮೋಡದ ಮೂಲಕ ಶೇ 80ರವರೆಗೂ ಯುವಿ ಇಳಿದು ಬರುತ್ತದೆ. ಜುಲೈನ ಜಡಿಮಳೆಯ ಕರಿಮೋಡ ಬೇರೆ ಮಾತು. ಆಗ ಬಿಸಿಲಿನ ಚಿಂತೆ ಬಿಡಿ, ಇಂಬಳದ (ಜಿಗಣೆಯ) ಚಿಂತೆ ಮಾಡಿ.

ಸೈಕಲ್ ಅಂಗಡಿಗೆ ಹೋಗಿ ಕೇಳಿದರೆ ಮೊದಲು ಕೈಗಿಡುವುದು ಕ್ರೀಮನ್ನು. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗು. ಮೊದಲು ಹೊತ್ತು ಮತ್ತು ದಾರಿ, ಆಮೇಲೆ ಬಟ್ಟೆ, ಬಟ್ಟೆ ಮುಚ್ಚದೆ ಬಿಟ್ಟ ಜಾಗಕ್ಕಷ್ಟೇ ಕ್ರೀಮ್. ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾವ ಹೊತ್ತು, ಯಾವ ದಾರಿ

ಚಿಕ್ಕಮಗಳೂರು ಇರುವುದು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 25ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದೇ. ಹಾಸನಕ್ಕೂ ಹೆಚ್ಚುಕಡಿಮೆ ಅದೇ ದಿನಗಳು. ಗಡಿಯಾರ 12 ತೋರಿಸಿದಾಗಲೇ ನಡುಹಗಲು ಅಂದುಕೊಳ್ಳಬೇಡಿ. ನಮ್ಮ ಗಡಿಯಾರ ಹೊಂದಿಸಿರುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರುವುದು ಅದರಿಂದ ಪಶ್ಚಿಮಕ್ಕೆ. ಆ ದಿನಗಳಲ್ಲಿ ನೆರಳು ಕಾಲ ಕೆಳಗೆ ಸೇರುವುದು 12 ಗಂಟೆ 25–30 ನಿಮಿಷಕ್ಕೆ. ಗಡಿಯಾರ ನೋಡುವುದಕ್ಕಿಂತ ನೆರಳು ನೋಡುವುದೇ ಸುಲಭ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದೆಯಾ? ಹಾಗಾದರೆ ಅದು ಚರ್ಮ ಸುಡುವ ಹೊತ್ತು.

ಬೆಳಿಗ್ಗೆಯೋ ಸಂಜೆಯೋ ಅಂದರೆ ನಾನು ಬೆಳಿಗ್ಗೆಯ ಪಕ್ಷ. ಆರಕ್ಕೆ ಹೊರಟು ಏರು ಮುಗಿಸಿ, ಒಂಬತ್ತೂವರೆ ಹತ್ತಕ್ಕೆ ಇಳಿಯಲು ಶುರು ಮಾಡಿದರೆ ಅರ್ಧ ಕೆಲಸ ಆದಂತೆ. ಸಂಜೆ ನಾಲ್ಕರ ನಂತರದ ಬಿಸಿಲೂ ಸೌಮ್ಯವೇ. ಆದರೆ ಇಳಿಜಾರಿನಲ್ಲಿ ಕತ್ತಲಾದರೆ ಕಲ್ಲು ಕಾಣುವುದಿಲ್ಲ. ಇನ್ನು ಸಕಲೇಶಪುರ, ಆಲೂರು, ಬೇಲೂರು ಕಡೆ ಓಡಿಸುವವರಿಗೆ ಈ ಲೆಕ್ಕವೇ ಬೇರೆ. ಚರ್ಮಕ್ಕೆ ಒಳ್ಳೆಯದಾದ ನಸುಕು, ಮುಸ್ಸಂಜೆ ಎರಡೂ ಅಲ್ಲಿ ಆನೆ ಓಡಾಡುವ ಹೊತ್ತು. ಆ ಭಾಗದಲ್ಲಿ ಬೆಳಕು ಚೆನ್ನಾಗಿ ಹರಿದ ಮೇಲೆಯೇ, ಊರಿನವರನ್ನು ಕೇಳಿಕೊಂಡೇ ತೋಟದ ದಾರಿ ಹಿಡಿಯಿರಿ. ಬಿಸಿಲಿಗೆ ಬಟ್ಟೆ ಇದೆ, ಆನೆಗೆ ಏನಿದೆ?

ದಾರಿಯ ವಿಷಯಕ್ಕೆ ಬಂದರೆ, ಕಾಫಿ ತೋಟದ ಒಳದಾರಿಗೂ ಬೋಳು ಗಿರಿಯ ನೆತ್ತಿಯ ದಾರಿಗೂ ಅಜಗಜಾಂತರ. ಸಿಲ್ವರ್ ಓಕ್, ಹಲಸು, ಅತ್ತಿ ಇರುವ ಅರೇಬಿಕಾ ತೋಟದಲ್ಲಿ ಹನ್ನೊಂದು ಗಂಟೆಗೂ ನೆಲದ ಮೇಲೆ ಚುಕ್ಕಿ ಚುಕ್ಕಿ ಬಿಸಿಲು ಮಾತ್ರ. ಅದೇ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮುಗಿದ ತೋಟವಾದರೆ ನೆರಳು ಅರ್ಧಕ್ಕರ್ಧ ಹೋಗಿರುತ್ತದೆ, ಹೋದ ತಿಂಗಳ ನೆನಪಿನ ಮೇಲೆ ಹೊರಟರೆ ಪೇಚು. ತೋಟ ಖಾಸಗಿ ಜಾಗ ಅನ್ನುವುದೂ ನೆನಪಿರಲಿ, ಮಾಲೀಕರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಒಂದು ಮಾತು ಕೇಳಿ. ಸೀತಾಳಯ್ಯನಗಿರಿಯಿಂದಾಚೆ ಹುಲ್ಲು ಬಿಟ್ಟರೆ ಏನೂ ಇಲ್ಲ. ಶೋಲಾ ಎಂಬ ಗುಡ್ಡಗಾಡಿನ ಕಾಡೆಲ್ಲ ಕಣಿವೆಯ ಸಂದುಗಳಲ್ಲಿ ಅಡಗಿದೆ, ಗಿರಿಯ ನೆತ್ತಿಯ ಮೇಲೆ ಕೊಡೆಯಷ್ಟು ನೆರಳೂ ಸಿಗುವುದಿಲ್ಲ. ಹಾಸನದ ಕಡೆ ಮಂಜರಾಬಾದ್ ಕೋಟೆಯ ಒಳಗೂ ಇದೇ ಕಥೆ. 1792ರ ಆ ನಕ್ಷತ್ರ ಕೋಟೆಯ ಕಲ್ಲಿನ ಕೋಣೆಗಳು ಫ್ರಿಜ್ಜಿನ ಹಾಗೆ ತಣ್ಣಗಿರುತ್ತವೆ, ಹೊರಗಿನ ಗೋಡೆಯ ಮೇಲೆ ನಿಂತು ಫೋಟೊ ತೆಗೆಯುವ ಇಪ್ಪತ್ತು ನಿಮಿಷದಲ್ಲಿ ಮೂಗು ಕೆಂಪು.

ತೋಳು: ಹತ್ತಿ ಶರ್ಟ್, ಆರ್ಮ್ ಸ್ಲೀವ್, ತುಂಬುತೋಳಿನ ಜೆರ್ಸಿ

ಕಾಫಿ ಕೊಯ್ಲಿನ ಹೆಂಗಸರನ್ನು ನೋಡಿದ್ದೀರಲ್ಲ? ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ತಲೆಗೆ ಕಿವಿ ಮುಚ್ಚುವಂತೆ ಟವೆಲ್ಲು. ದಿನವಿಡೀ ಹೊರಗಿರುವವರು ಕಂಡುಕೊಂಡ ಉಪಾಯ ಅದು. ಗಿಡದ ಗೀರು, ಹುಳ, ಬಿಸಿಲು ಮೂರಕ್ಕೂ ಒಂದೇ ಶರ್ಟು. ನಾವು ದುಡ್ಡು ಕೊಟ್ಟು ಅದನ್ನೇ ಪಾಲಿಯೆಸ್ಟರಿನಲ್ಲಿ ಕೊಳ್ಳುತ್ತೇವೆ, ಅಷ್ಟೇ.

ಬಟ್ಟೆಯ ತಡೆಯುವ ಶಕ್ತಿಗೆ ಯುಪಿಎಫ್ ಎಂಬ ಅಳತೆ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 1996ರಲ್ಲಿ ಮಾನದಂಡವಾಗಿ ಬಂದದ್ದು. ಯುಪಿಎಫ್ 50 ಅಂದರೆ ಬಿದ್ದ ಯುವಿಯ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ 2 ಮಾತ್ರ ಒಳಗೆ ಹೋಗುತ್ತದೆ. ತೆಳ್ಳನೆಯ ಬಿಳಿ ಹತ್ತಿ ಟೀ ಶರ್ಟಿನ ಯುಪಿಎಫ್ 5–7ರ ಆಸುಪಾಸು. ಬೆವರಿ ಒದ್ದೆಯಾದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ಗಿರಿ ಹತ್ತುವವರ ಬೆನ್ನು ಮೊದಲ ಅರ್ಧ ಗಂಟೆಯಲ್ಲೇ ಒದ್ದೆ. ಹಾಗಾಗಿ ಮನೆಯಲ್ಲಿರುವ ಹಳೇ ಬನಿಯನ್ ಬಟ್ಟೆಯ ಟೀ ಶರ್ಟು ಏರುದಾರಿಗೆ ಪ್ರಯೋಜನವಿಲ್ಲ. ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ಶರ್ಟಾದರೆ ಅಡ್ಡಿಯಿಲ್ಲ, ಒಣಗುವುದು ತಡ ಅನ್ನುವುದೊಂದೇ ತಕರಾರು. ಮೇಲೆ ಗಾಳಿಗೆ ನಿಂತಾಗ ಒದ್ದೆ ಹತ್ತಿ ನಡುಕ ಹುಟ್ಟಿಸುತ್ತದೆ.

ಆರ್ಮ್ ಸ್ಲೀವ್ ಎಲ್ಲ ಕಡೆ ಸಿಗುತ್ತದೆ. ಹಾಸನದ ಬಸ್ ನಿಲ್ದಾಣದ ಸುತ್ತ ಬೈಕಿನವರಿಗೆಂದು ಮಾರುವ 100–150 ರೂಪಾಯಿಯ ಜೋಡಿಯಿಂದ ಹಿಡಿದು ಸಾವಿರ ದಾಟುವ ಬ್ರ್ಯಾಂಡಿನವರೆಗೆ. ಅಗ್ಗದ್ದನ್ನು ಬೇಡ ಅನ್ನುವುದಿಲ್ಲ, ಆದರೆ ಒಂದು ಪರೀಕ್ಷೆ ಮಾಡಿ. ತೋಳಿಗೆ ಏರಿಸಿಕೊಂಡು ಬೆಳಕಿಗೆ ಹಿಡಿಯಿರಿ. ಚರ್ಮದ ಬಣ್ಣ ಕಂಡರೆ, ಯುವಿಗೂ ದಾರಿ ಇದೆ. ಕೈಯಲ್ಲಿ ಹಿಡಿದಾಗ ದಪ್ಪಗಿದ್ದ ಬಟ್ಟೆ, ತೋಳಿನ ಮೇಲೆ ಎಳೆದಾಗ ಜಾಳಾಗುತ್ತದೆ. ಅದಕ್ಕೇ ಬಿಗಿ ಅಳತೆಗಿಂತ ಒಂದು ಅಳತೆ ದೊಡ್ಡದೇ ವಾಸಿ. ಸ್ಲೀವಿನ ದೊಡ್ಡ ಅನುಕೂಲ ಎಂದರೆ ಏರುವಾಗ ಮಣಿಕಟ್ಟಿಗೆ ಇಳಿಸಿ, ಬಿಸಿಲು ಬಂದಾಗ ಏರಿಸಬಹುದು. ದೋಷ ಎಂದರೆ ಜಾರುವುದು. ಕಲ್ಲುದಾರಿಯಲ್ಲಿ ಕುಲುಕಿ ಕುಲುಕಿ ಅದು ಮೊಳಕೈಗೆ ಬಂದಾಗ, ಭುಜದ ಕೆಳಗೆ ನಾಲ್ಕು ಬೆರಳಿನಷ್ಟು ಅಗಲದ ಪಟ್ಟಿ ತೆರೆದುಕೊಳ್ಳುತ್ತದೆ. ಎರಡು ಕೈಯೂ ಹ್ಯಾಂಡಲ್ ಮೇಲಿರುವಾಗ ಅದನ್ನು ಯಾರು ಸರಿಮಾಡುತ್ತಾರೆ?

ನಾನು ಕೊನೆಗೆ ನಿಂತದ್ದು ತುಂಬುತೋಳಿನ, ಸಡಿಲ ಹೊಲಿಗೆಯ, ಎದೆಯವರೆಗೆ ಜಿಪ್ ಇರುವ, ಹೆಬ್ಬೆರಳಿಗೆ ತೂತು ಇರುವ ಜೆರ್ಸಿಗೆ. ಆ ಹೆಬ್ಬೆರಳ ತೂತಿಗೆ ಮೊದಲು ನಕ್ಕಿದ್ದೆ. ಗ್ಲೌಸಿನ ಒಳಗೆ ಬಟ್ಟೆ ಮುಂಗೈಯವರೆಗೂ ಬರುವುದರಿಂದ ಅರ್ಧಚಂದ್ರಕ್ಕೆ ಜಾಗವೇ ಇಲ್ಲ. ಬೆನ್ನು ಉದ್ದ ಇರುವುದನ್ನೇ ನೋಡಿ ಕೊಳ್ಳಿ. ಬಾಗಿ ಕೂತಾಗ ಜೆರ್ಸಿ ಮೇಲೆ ಸರಿದು ಸೊಂಟದ ಮೇಲೊಂದು ಪಟ್ಟಿ ಸುಡುತ್ತದೆ, ರಾತ್ರಿ ಮಲಗುವವರೆಗೆ ಅದು ಗೊತ್ತೂ ಆಗುವುದಿಲ್ಲ. ಸೆಕೆಯಾಗುವುದಿಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ, ಕೈಮರದಿಂದ ಕವಿಕಲ್ ಗಂಡಿಯವರೆಗಿನ ಏರಿನಲ್ಲಿ. ಜಿಪ್ ಇಳಿಸಿಕೊಳ್ಳಿ, ನೀರು ಕುಡಿಯಿರಿ. ಗಂಡಿ ದಾಟಿದ ಮೇಲೆ ಆ ಗಾಳಿಯಲ್ಲಿ ಯಾರೂ ಸೆಕೆ ಅಂದದ್ದನ್ನು ನಾನು ಕೇಳಿಲ್ಲ.

ಕಾಲಿಗೆ ಚಡ್ಡಿಯೋ, ಉದ್ದದ್ದೋ? ಇಲ್ಲಿ ಬಿಸಿಲಿಗಿಂತ ಬೇರೆ ಕಾರಣಗಳೇ ತೀರ್ಮಾನ ಮಾಡುತ್ತವೆ. ಲಂಟಾನದ ಮುಳ್ಳು ಒಂದು. ಮಳೆಗಾಲದ ಇಂಬಳ ಇನ್ನೊಂದು. ಮೂರನೆಯದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಕಾಣಿಸಿಕೊಂಡಿದೆ. ಅದು ಹರಡುವುದು ಉಣುಗಿನಿಂದ, ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಅಂದರೆ ನಾವು ಸೈಕಲ್ ಹೊರತೆಗೆಯುವ ಬಿಸಿಲುಗಾಲವೇ. ಕಾಡಂಚಿನ ದಾರಿಗೆ ಉದ್ದನೆಯ ಪ್ಯಾಂಟ್, ಅದರ ತುದಿ ಸಾಕ್ಸ್ ಒಳಗೆ. ಸಾಕ್ಸಿಗೆ ಸೇರಿಸಿಬಿಟ್ಟರೆ ಚೈನಿಗೆ ಬಟ್ಟೆ ಸಿಕ್ಕುವ ಕಾಟವೂ ಇಲ್ಲ. ಡಾಂಬರು ರಸ್ತೆ ಮಾತ್ರ ಅಂದರೆ ಚಡ್ಡಿ ಸಾಕು, ಮೊಳಕಾಲ ಹಿಂಭಾಗಕ್ಕೆ ಕ್ರೀಮ್ ಮರೆಯಬೇಡಿ.

ಕುತ್ತಿಗೆಗೆ ಬಫ್, ಅಂದರೆ ಕೊಳವೆಯಂತೆ ಹೊಲಿದ ತೆಳು ಬಟ್ಟೆ. ಬೇರೆ ಆಯ್ಕೆಗಳ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಹೆಲ್ಮೆಟ್ಟಿಗೆ ಸಿಕ್ಕಿಸುವ ಬಟ್ಟೆಯ ಪರದೆ ನೆರಳೇನೋ ಕೊಡುತ್ತದೆ, ಇಳಿಜಾರಿನ ಗಾಳಿಗೆ ಕಿವಿಯ ಹತ್ತಿರ ಪಟಪಟ ಬಡಿಯುತ್ತಾ ತಲೆ ತಿನ್ನುತ್ತದೆ. ಕೂದಲು ತೆಳ್ಳಗಿರುವವರು ಹೆಲ್ಮೆಟ್ ಒಳಗೊಂದು ತೆಳು ಟೋಪಿ ಹಾಕಿ. ಹೆಲ್ಮೆಟ್ಟಿನ ಗಾಳಿಕಿಂಡಿಗಳ ಆಕಾರದಲ್ಲೇ ನೆತ್ತಿ ಸುಟ್ಟುಕೊಂಡು ಬಂದ ಗೆಳೆಯನನ್ನು ನಾವು ಒಂದು ವಾರ ಹುಲಿ ಅಂತಲೇ ಕರೆದೆವು.

ಕ್ರೀಮ್: ಯಾವುದು, ಎಷ್ಟು, ಎಲ್ಲಿ

ಈಗ ಬಟ್ಟೆ ಯಾಕೆ ಮೊದಲು ಅನ್ನುವುದರ ಲೆಕ್ಕ. ಡಬ್ಬಿಯ ಮೇಲಿನ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) ಅಂಕಿ ಸಿಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ರೂಢಿಯ ಅಳತೆಗೆ ತಂದರೆ ಮುಖ ಕುತ್ತಿಗೆಗೆ ಒಂದು ಟೀ ಚಮಚ, ಒಂದೊಂದು ತೋಳಿಗೆ ಒಂದು, ಒಂದೊಂದು ಮೊಣಕಾಲ ಕೆಳಗೆ ಒಂದು. ಗಿಡ್ಡ ತೋಳು, ಚಡ್ಡಿ ಹಾಕಿ ಹೊರಟರೆ ಒಂದು ಸಲಕ್ಕೆ ಐದು ಚಮಚ, ಸುಮಾರು 25 ಗ್ರಾಂ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. 50 ಗ್ರಾಂ ಟ್ಯೂಬು ಒಂದೇ ಭಾನುವಾರಕ್ಕೆ ಖಾಲಿ. ಯಾರೂ ಅಷ್ಟು ಹಚ್ಚುವುದಿಲ್ಲ, ಅರ್ಧದಷ್ಟು ಸವರಿ 50 ಹಾಕಿದ್ದೇನೆ ಎಂದು ನಂಬಿಕೊಂಡು ಹೋಗುತ್ತಾರೆ. ತುಂಬುತೋಳು, ಉದ್ದ ಪ್ಯಾಂಟು, ಬಫ್ ಇದ್ದರೆ ಉಳಿಯುವುದು ಮುಖ, ಕಿವಿ, ಗಂಟಲಿನ ಮುಂಭಾಗ, ಬೆರಳ ತುದಿ. ಅದೇ ಟ್ಯೂಬು ತಿಂಗಳು ಬರುತ್ತದೆ, ಸರಿಯಾದ ಪ್ರಮಾಣದಲ್ಲಿ ಹಚ್ಚುವುದಕ್ಕೆ ಮನಸ್ಸೂ ಬರುತ್ತದೆ.

30ಕ್ಕೂ 50ಕ್ಕೂ ಎಷ್ಟು ಅಂತರ? ಪ್ರಯೋಗಾಲಯದಲ್ಲಿ ಎಸ್‌ಪಿಎಫ್ 30 ಶೇ 97ರಷ್ಟು ಯುವಿಬಿ (ಚರ್ಮ ಸುಡುವ ಬಗೆಯ ಯುವಿ) ತಡೆದರೆ, 50 ಶೇ 98. ಕಾಗದದ ಮೇಲೆ ಅಂತರ ಒಂದೇ ಅಂಕಿ. ಆದರೂ ನಾನು 50 ಕೊಳ್ಳುತ್ತೇನೆ, ಕಡಿಮೆ ಹಚ್ಚುವ ನನ್ನ ಸೋಮಾರಿತನಕ್ಕೆ ಅದು ವಿಮೆ. ಅದಕ್ಕಿಂತ ಮುಖ್ಯ ಪಕ್ಕದಲ್ಲಿರುವ ಪಿಎ ಗುರುತು, ಯುವಿಯ ಇನ್ನೊಂದು ಬಗೆಯಾದ ಯುವಿಎಯನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಸುಡುವ ಯುವಿಬಿಯ ಲೆಕ್ಕ. ನಮ್ಮಂಥ ಕಂದು ಚರ್ಮದವರು ಕೆಂಪಾಗಿ ಸುಡುವುದಕ್ಕಿಂತ ಕಪ್ಪಾಗುವುದೇ ಹೆಚ್ಚು, ಅದರಲ್ಲಿ ಯುವಿಎ ಪಾತ್ರ ದೊಡ್ಡದು. ಪಿಎ+++ ಅಥವಾ ++++ ಇಲ್ಲದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಇನ್ನೊಂದು ಮಾತು: ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆದಕುತ್ತದೆ, ಅದನ್ನು ಸಾದಾ ಕ್ರೀಮ್ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಅವರಿಗೆ ಸರಿ.

ಮಿನರಲ್ಲೋ ಕೆಮಿಕಲ್ಲೋ ಎಂಬ ಜಗಳದಲ್ಲಿ ಸೈಕಲ್ಲಿಗರಿಗೆ ಮುಖ್ಯವಾದದ್ದು ಒಂದೇ: ಕಣ್ಣುರಿ. ಏರಿನಲ್ಲಿ ಹಣೆಯ ಬೆವರು ಕ್ರೀಮನ್ನು ಹೊತ್ತು ನೇರ ಕಣ್ಣಿಗಿಳಿಯುತ್ತದೆ. ಅವೊಬೆನ್‌ಜೋನ್ ಎಂಬ ಕೆಮಿಕಲ್ ಇರುವ ಹಗುರ ಜೆಲ್‌ಗಳು ಮುಖಕ್ಕೆ ಹಿತ, ಕಣ್ಣಿಗೆ ಬಿದ್ದರೆ ಹಸಿಮೆಣಸು. ಮಿನರಲ್ ಅನ್ನುವ ಝಿಂಕ್ ಆಕ್ಸೈಡಿನದು ಅಷ್ಟು ಉರಿಯುವುದಿಲ್ಲ, ಆದರೆ ಬೂದಿ ಬಳಿದುಕೊಂಡ ಹಾಗೆ ಕಾಣುತ್ತೀರಿ. ನಾನು ಮಾಡುವುದು ಕಲಬೆರಕೆ: ಹುಬ್ಬಿನ ಮೇಲೆ, ಮೂಗಿಗೆ, ಕಿವಿಯ ತುದಿಗೆ ಝಿಂಕ್ ಸ್ಟಿಕ್, ಕೆನ್ನೆ, ಗಂಟಲಿಗೆ ಜೆಲ್. ಸ್ಟಿಕ್‌ನ ಇನ್ನೊಂದು ಸುಖ, ಅಂಗೈಗೆ ಅಂಟುವುದಿಲ್ಲ. ಜಿಡ್ಡಾದ ಅಂಗೈಯಲ್ಲಿ ಗ್ರಿಪ್ ಹಿಡಿದು ಇಳಿಯುವುದು ಬೇಡವೇ ಬೇಡ. ಹೊರಡುವ ಇಪ್ಪತ್ತು ನಿಮಿಷ ಮೊದಲು, ಮನೆಯಲ್ಲೇ, ಸೋಪಿನಲ್ಲಿ ಕೈ ತೊಳೆಯುವಷ್ಟು ಸಮಯವಿಟ್ಟುಕೊಂಡು ಜೆಲ್ ಹಚ್ಚಿ. ದಾರಿಯಲ್ಲಿ ಸ್ಟಿಕ್ ಮಾತ್ರ.

ಸ್ಪ್ರೇ ಬೇಡ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಳೆದ ಬೇಸಿಗೆಯಲ್ಲಿ ನಮ್ಮ ಗುಂಪಿನವನೊಬ್ಬ ಅತ್ತಿಗುಂಡಿಯಲ್ಲಿ ಸೈಕಲ್ ಪಕ್ಕದಲ್ಲೇ ನಿಂತು ಕಾಲಿಗೆ ಸನ್‌ಸ್ಕ್ರೀನ್ ಸ್ಪ್ರೇ ಹೊಡೆದುಕೊಂಡ. ಗಾಳಿ ಅರ್ಧವನ್ನು ಹಿಂದಿನ ಚಕ್ರದ ಬ್ರೇಕ್ ಡಿಸ್ಕಿಗೆ ತಂದು ಹಾಕಿತು. ಹೊರಟಾಗ ಏನೂ ಗೊತ್ತಾಗಲಿಲ್ಲ. ಇಳಿಜಾರಿನ ಎರಡನೇ ತಿರುವಿನಲ್ಲಿ ಬ್ರೇಕು ಕಾಡುಹಂದಿಯ ಮರಿಯ ಹಾಗೆ ಕಿರುಚತೊಡಗಿತು, ಮೂರನೆಯದರಲ್ಲಿ ಲಿವರ್ ಪೂರ್ತಿ ಎಳೆದರೂ ಸೈಕಲ್ ನಿಲ್ಲಲೊಲ್ಲದು. ಮುಂದಿನ ಬ್ರೇಕೊಂದನ್ನೇ ನಂಬಿ, ಆಮೇಲೆ ಅದನ್ನೂ ನಂಬದೆ, ಕೈಮರದವರೆಗೆ ನಡೆದೇ ಬಂದ. ಮೆಕ್ಯಾನಿಕ್ ಪ್ಯಾಡುಗಳನ್ನು ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದರು: ಮಂಕಾಗಿ ಇರಬೇಕಾದ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಪ್ಯಾಡು ಎಣ್ಣೆ ಕುಡಿದರೆ ಹೊಸತೇ ಗತಿ. ಸ್ಪ್ರೇ ಬಿಟ್ಟು ಬೇರೆ ಇಲ್ಲವೇ ಇಲ್ಲ ಅಂದರೆ ಸೈಕಲ್ಲಿನಿಂದ ಹತ್ತು ಹೆಜ್ಜೆ ದೂರ, ಗಾಳಿಯ ಕೆಳದಿಕ್ಕಿಗೆ ಹೋಗಿ.

ಹುಳ ಹುಪ್ಪಟೆಗೆ ಡೀಟ್ ಇರುವ ಲೇಪ ಹಚ್ಚುವವರು ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಡೀಟ್ ಹಚ್ಚಿ. ಎರಡೂ ಒಟ್ಟಿಗಿದ್ದಾಗ ಎಸ್‌ಪಿಎಫ್ ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ, ಹಾಗಾಗಿ ಬೇಗ ಬೇಗ ಮತ್ತೆ ಹಚ್ಚಬೇಕು. ಡೀಟ್ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಅದೇ ಕೈಯಲ್ಲಿ ಕನ್ನಡಕ ಮುಟ್ಟಬೇಡಿ. ಬಟ್ಟೆ ಇದ್ದರೆ ಇವೆಲ್ಲ ರಗಳೆಯೇ ಕಡಿಮೆ.

ಕನ್ನಡಕದಲ್ಲಿ ಕಪ್ಪು ಬೇರೆ, ಯುವಿ ತಡೆ ಬೇರೆ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಲೆನ್ಸ್ ಬಣ್ಣವಿಲ್ಲದಿದ್ದರೂ ಯುವಿಯನ್ನು ಬಹುಪಾಲು ತಡೆಯುತ್ತದೆ. ಕಡುಕಪ್ಪು ಕನ್ನಡಕದಲ್ಲಿ ಬಿಸಿಲಿನ ಬೋಳು ಗಿರಿಯಿಂದ ತೋಟದ ನೆರಳಿಗೆ ನುಗ್ಗಿದರೆ ಎರಡು ಸೆಕೆಂಡು ಬೇರು, ಕಲ್ಲು ಏನೂ ಕಾಣುವುದಿಲ್ಲ, ಬೀಳುವುದಕ್ಕೆ ಅಷ್ಟು ಸಾಕು. ತಾನೇ ಬಣ್ಣ ಬದಲಿಸುವ ಫೋಟೊಕ್ರೊಮಿಕ್ ಚೆನ್ನ ಎನ್ನುತ್ತಾರೆ, ಆದರೆ ಕಪ್ಪಿನಿಂದ ತಿಳಿಯಾಗಲು ಅದು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ತೋಟದ ದಾರಿ ಹೆಚ್ಚಿದ್ದರೆ ಯುವಿ400 ಎಂದು ಬರೆದಿರುವ ತಿಳಿ ಬಣ್ಣದ್ದೇ ಸಾಕು. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್. ತೆಂಗಿನೆಣ್ಣೆ ತುಟಿ ಒಡೆಯದಂತೆ ನೋಡಿಕೊಂಡೀತು, ಬಿಸಿಲಿಗೆ ಅದನ್ನು ನಂಬಬೇಡಿ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿರುವವರ ಚರ್ಮ ಮಾಮೂಲಿಗಿಂತ ಬೇಗ ಸುಡುತ್ತದೆ, ಹೊರಡುವ ಮೊದಲು ವೈದ್ಯರನ್ನು ಕೇಳಿ.

ಇಷ್ಟಾಗಿಯೂ ಸುಟ್ಟರೆ ತಣ್ಣೀರ ಬಟ್ಟೆ, ಲೋಳೆಸರ, ಚೆನ್ನಾಗಿ ನೀರು ಕುಡಿಯುವುದು. ಬೊಬ್ಬೆ ಎದ್ದರೆ, ಜ್ವರ ಬಂದರೆ ಆಸ್ಪತ್ರೆ. ಕಪ್ಪು ತೆಗೆಯಲು ನಿಂಬೆಹಣ್ಣು ಉಜ್ಜುವ ಮನೆಮದ್ದು ಮಾತ್ರ ಬೇಡ. ನಿಂಬೆರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಅದೇ ಜಾಗ ಸುಟ್ಟು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ದಾರಿಯಲ್ಲಿ ಬಾಟಲಿಗೆ ನಿಂಬೆ ಹಿಂಡಿ ಶರಬತ್ತು ಮಾಡಿಕೊಳ್ಳುವ ಅಭ್ಯಾಸ ನಮ್ಮ ಗುಂಪಿಗಿದೆ. ಹಿಂಡಿದವರು ಕೈ ತೊಳೆದೇ ಗ್ಲೌಸ್ ಹಾಕಿಕೊಳ್ಳಬೇಕು ಎಂಬುದು ಈಗ ನಿಯಮ.